ಮೂತಿ ಹಗುರಾದ ಮನೆ

ಆ ಬೆಳಿಗ್ಗೆ ಭಾವ ಒಂದು ಕೈಯಲ್ಲಿ ಚಹಾ ಲೋಟ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಇಡೀ ಮನೆಯನ್ನು ನೆಲ ಬಿಡಿಸಿ ಎತ್ತಿದ. ಮಂಚ, ಒಲೆ, ಕಪಾಟು, ಬಚ್ಚಲು ಎಲ್ಲವೂ ಇದ್ದ, ಕಾರಿನ ಹಿಂದೆ ಕಟ್ಟಿ ಎಳೆಯುವ, ಎರಡು ಚಕ್ರದ ಮನೆ. ಬೀದಿನಾಯಿಗಳಿಗೆ ಬೊಗಳುವುದೇ ಮರೆತುಹೋಯಿತು. ಎದುರುಮನೆಯ ಮುದುಕಿ ಎದ್ದು ನಿಂತು ಕೈಮುಗಿದಳು. ಎತ್ತಿದ್ದು ಕಾರಿಗೆ ಸಿಕ್ಕಿಸುವ ಮುಂದಿನ ಮೂತಿಯೊಂದನ್ನೇ, ಅದೂ ಜಾಕಿನ ಹಿಡಿ ತಿರುಗಿಸಿ ಎಂಬುದೆಲ್ಲ ಚಿಲ್ಲರೆ ವಿಚಾರ.

ಮನೆ ನಾದಿನಿಯದು. ಆಕೆ ನರ್ಸು. ಬೆಟ್ಟದಾಚೆಯ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತ್ತು. ಪುಟ್ಟ ಮಗಳನ್ನು ಕಾರಿನಲ್ಲಿ ಕೂರಿಸಿಕೊಂಡು, ಮನೆಯನ್ನು ಹಿಂದೆ ಕಟ್ಟಿಕೊಂಡು ಇವತ್ತೇ ಘಟ್ಟ ಇಳಿಯಬೇಕು. ಅವಳ ಆಸ್ತಿಯೆಲ್ಲ ಆ ಎರಡು ಚಕ್ರದ ಮೇಲೆ. ಎಳೆಯುವ ಕಾರು ಭಾವನದು.

"ನನ್ ಕಾರು ಘಟ್ಟಾನೇ ಎಳೀತದೆ. ಬೇಕಾದ್ರೆ ಅದನ್ನೂ ಹಿಂದೆ ಕಟ್ಟು."

"ಕಾರಿನ ಪುಸ್ತಕದಲ್ಲಿ ಸಾವಿರದ ಆರುನೂರು ಕಿಲೋವರೆಗೆ ಎಳೀಬಹುದು ಅಂತಿದೆ ಭಾವ. ಘಟ್ಟದ ಸುದ್ದಿ ಇಲ್ಲ."

"ಬಾಗಿಲಿಗೆ ಹೊಡೆದಿರೋ ತೂಕದ ಪಟ್ಟಿ ನೋಡಿದೆ. ನಿನ್ ಮನೆ ಬರೀ ಸಾವಿರ. ಹೂವಿನ ಬುಟ್ಟಿ!"

"ಅದು ಖಾಲಿ ಮನೆ ತೂಕ. ಕೆಳಗಿನ ಸಾಲು ಓದಿ. ಸಾಮಾನು, ನೀರು, ಗ್ಯಾಸು ಎಲ್ಲ ಸೇರಿ ಸಾವಿರದ ನಾನೂರು ದಾಟಬಾರದು. ನಿನ್ನೆ ಸಾಮಾನು ತುಂಬಿ ವೇಬ್ರಿಡ್ಜ್ ಹತ್ತಿಸಿದಾಗ ಸಾವಿರದ ಮುನ್ನೂರಿತ್ತು."

ಅಷ್ಟಕ್ಕೇ ಸುಮ್ಮನಾಗುವ ಹೆಣ್ಣಲ್ಲ ಅದು. ಮನುಷ್ಯರ ತೂಕ ನೋಡುವ ಮೆಷಿನ್ನು ತಂದು, ಮೇಲೊಂದು ಮರದ ತುಂಡಿಟ್ಟು, ಮನೆಯ ಮೂತಿಯನ್ನು ಮೆಲ್ಲಗೆ ಅದರ ಮೇಲೆ ಇಳಿಸಿದಳು.

"ಮನೆಗೂ ಜ್ವರ ನೋಡ್ತೀಯೇನೇ?"

"ಒಟ್ಟು ತೂಕದಲ್ಲಿ ಹತ್ತರಲ್ಲೊಂದು ಪಾಲಾದ್ರೂ ಮೂತಿ ಮೇಲೆ ಇರ್ಬೇಕು ಭಾವ. ಇಲ್ಲಾಂದ್ರೆ ಇಳಿಜಾರಲ್ಲಿ ಬಾಲ ಅಲ್ಲಾಡಿಸೋಕೆ ಶುರು ಮಾಡ್ತದೆ. ಆಮೇಲೆ ಕಾರು ಮನೇನ ಎಳೆಯಲ್ಲ, ಮನೆ ಕಾರನ್ನ ಎಳ್ಕೊಂಡು ಹೋಗ್ತದೆ."

ಮುಳ್ಳು ತೊಂಬತ್ತಕ್ಕೆ ನಿಂತಿತು. ಅವಳ ಹುಬ್ಬು ಗಂಟಿಕ್ಕಿತು. "ನಿನ್ನೆ ನೂರಮೂವತ್ತಿತ್ತು. ಮೂತಿ ಹಗುರಾಗಿದೆ ಅಂದ್ರೆ ಬಾಲ ಭಾರ ಆಗಿದೆ. ರಾತ್ರಿ ಬೆಳಗಾಗೋದ್ರಲ್ಲಿ ಯಾರೋ ಹಿಂದ್ಗಡೆ ಏನೋ ತುರುಕಿದ್ದಾರೆ."

ಭಾವ ತೆರೆದ ಬಾಯಿ ಮುಚ್ಚಲಿಲ್ಲ. ಕನ್ನಡಿಯಲ್ಲಿ ಕಂಡವನನ್ನು ಬಿಟ್ಟು ಜಗತ್ತಿನಲ್ಲಿ ಇನ್ನೊಬ್ಬರನ್ನು ಮೆಚ್ಚಿದವನಲ್ಲ ಅವನು. ಇವಳೋ, ಒಂದು ಬಾಗಿಲು ತೆಗೆಯದೆ, ಮೂತಿಯ ನಾಡಿ ಹಿಡಿದು ಬಾಲದ ರೋಗ ಹೇಳಿಬಿಟ್ಟಳಲ್ಲ! ಇಂಥವಳು ವಾರ್ಡಿಗೆ ಕಾಲಿಟ್ಟರೆ ರೋಗಗಳೇ ಗಂಟುಮೂಟೆ ಕಟ್ಟಿಯಾವು.

"ಒಟ್ಟು ತೂಕ ಸಾವಿರದ ನಾನೂರರ ಒಳಗೇ ಇರತ್ತೆ ಬಿಡು," ಎಂದು ಕೊನೆಯ ಪಟ್ಟು ಹಾಕಿದ.

"ಇರ್ಬಹುದು. ಅದು ಎಲ್ಲಿ ಕೂತಿದೆ ಅನ್ನೋದೂ ಲೆಕ್ಕಾನೇ ಭಾವ. ಹಿಂದಿನ ಸೀಟಲ್ಲಿ ನನ್ ಮಗಳು ಕೂತಿರ್ತಾಳೆ."

ಭಾವ ಚಹಾ ಲೋಟ ಕೆಳಗಿಟ್ಟ. "ಹಿಂದಿನ ಕಪಾಟು ತೆಗಿ," ಎಂದ.

ಒಳಗೆ ಕಬ್ಬಿಣದ ದುಂಡು ಬಿಲ್ಲೆಗಳು, ಒಂದು ಸಲಾಕೆ. ವ್ಯಾಯಾಮದ ತೂಕಗಳು.

"ಎಂಬತ್ತು ಕಿಲೋ ಅಷ್ಟೇ ಕಣೇ. ನಿನಗೊಂದು ನೆಲೆ ಆಗೋವರೆಗೂ ಒಂದ್ ತಿಂಗಳು ನಿನ್ನಲ್ಲೇ ಇರ್ತೀನಲ್ಲ. ದಿನಾ ಎತ್ತೋ ಮೈ ಇದು, ಒಂದಿನ ಬಿಟ್ರೂ..."

"ಹಾಗಾದ್ರೆ ಎತ್ತಿ ಕೆಳಗಿಳಿಸಿ. ಕಣ್ತುಂಬ ನೋಡ್ತೀನಿ."

ಭಾವ ತೋಳು ಮಡಚಿದ. ಬಗ್ಗಿದ. ಬಗ್ಗಿದವನು ಹಾಗೇ ನಿಂತ.

"ಕೈಗಾಡಿ ತಾರೇ ತಾಯಿ," ಎಂದ ನೆಲ ನೋಡುತ್ತ. "ಕೊಂಡಾಗಿನಿಂದ ಮಂಚದಡೀಲೇ ಬಿದ್ದಿತ್ತು. ಇಲ್ಲಿಗೆ ಹೊತ್ಕೊಂಡು ಬಂದಿದ್ದು ಇಬ್ಬರು ಹಮಾಲರು. ನಾನು ಬಾಗಿಲು ಹಿಡ್ಕೊಂಡಿದ್ದೆ, ಅಷ್ಟೇ."