ಹಸಿದ ಹೊಟ್ಟೆಯ ಸಂತೆ

ಪ್ರತಿ ಬುಧವಾರ ಸಂಜೆ ವಾರದ ಪಗಾರ ಬರುತ್ತಿತ್ತು. ಗುರುವಾರ ಸಂಜೆಯೊಳಗೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗಿಬಿಡುತ್ತಿತ್ತು. ಎಲ್ಲಿಗೆ ಹೋಯಿತು ಎಂಬುದು ಮಹಾನಂದಾಳಿಗೇ ತಿಳಿಯುತ್ತಿರಲಿಲ್ಲ.

ಗಂಡ ಜಗದೇವ ಗಾಣಗಾಪುರದ ಒಂದು ಲಾಡ್ಜಿನಲ್ಲಿ ಕೆಲಸಕ್ಕಿದ್ದ. ಪಗಾರ ಕೈಗೆ ಬಂದ ಮರುದಿನವೇ ಮಹಾನಂದಾ ಬಸ್ ಹತ್ತಿ ಅಫಜಲಪುರದ ಸೂಪರ್ ಮಾರ್ಕೆಟ್ಟಿಗೆ ಹೋಗುವಳು. ತಣ್ಣನೆ ಗಾಳಿ, ಸಾಲುಸಾಲು ಸಾಮಾನು, ತಳ್ಳಿದರೆ ಜಾರುವ ಗಾಡಿ. ಹೊರಗೆ ಬರುವಷ್ಟರಲ್ಲಿ ಎರಡು ಚೀಲ ತುಂಬಿರುತ್ತಿದ್ದವು, ಸಾವಿರದ ಒಂಬೈನೂರು ಹೋಗಿರುತ್ತಿತ್ತು.

ಆ ಗುರುವಾರ ಮಾತ್ರ ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ಮಗಳು ಸಪ್ನಾಗೆ ನರ್ಸಿಂಗ್ ಕೋಚಿಂಗ್ ಸೇರುವ ಆಸೆ. ಇನ್ನು ಐದು ವಾರಕ್ಕೆ ಹೊಸ ಬ್ಯಾಚು ಶುರು. ಫೀಸು ಎರಡು ಸಾವಿರದ ಎಂಟುನೂರು. “ಈ ವರ್ಷ ಆಗಂಗಿಲ್ಲ, ಮುಂದಿನ ವರ್ಷ ನೋಡೂಣು” ಎಂದು ಜಗದೇವ ಬೆಳಿಗ್ಗೆಯೇ ಹೇಳಿ ಹೋಗಿದ್ದ. ಸಪ್ನಾ ಅಳಲಿಲ್ಲ, ಜಗಳ ಮಾಡಲಿಲ್ಲ. ತಲೆ ಬಗ್ಗಿಸಿ ಕಸ ಗುಡಿಸಿದಳು. ಅದೇ ಮಹಾನಂದಾಳನ್ನು ದಿನವಿಡೀ ಕೊರೆಯಿತು.

ಆದರೂ ಎಂದಿನಂತೆ ಮಾರ್ಕೆಟ್ಟಿಗೆ ಹೋದಳು. ವಾಪಸು ಬರುವ ಬಸ್ಸಿನಲ್ಲಿ ಪಕ್ಕದ ಮನೆಯ ಖುರ್ಷಿದ ಸಿಕ್ಕಳು. ಓಣಿಯ ಮಹಿಳಾ ಸಂಘದ ಲೆಕ್ಕ ನೋಡುವವಳು ಅವಳೇ, ಎಲ್ಲರಿಗೂ ‘ಆಪಾ’, ಅಂದರೆ ಅಕ್ಕ.

“ಏನಬೇ ಮಹಾನಂದಾ, ಮನ್ಯಾಗ ಮದಿವಿ ಅದಾ ಏನ?”

“ಮದಿವಿ ಎಲ್ಲಿದ ತಗಿ ಆಪಾ, ವಾರದ ಕಿರಾಣಿ.”

ಖುರ್ಷಿದ ಚೀಲದಲ್ಲಿ ಇಣುಕಿದಳು. “ಚಿಪ್ಸ್, ಶೇವು, ಮತ್ತೊಂದ ಶೇವು, ಸ್ವೀಟಿನ ಡಬ್ಬಿ, ಜ್ಯೂಸು. ಬ್ಯಾಳಿ ಎಲ್ಲದ?”

“ಬ್ಯಾಳಿ...” ಮಹಾನಂದಾ ನಾಲಿಗೆ ಕಚ್ಚಿಕೊಂಡಳು. “ಅಯ್ಯ, ಮರತೇ ಬಿಟ್ಟೆ.”

“ಮುಂಜಾನಿಂದ ಏನ ತಿಂದೀದಿ?”

“ಏನ ತಿಂತೇನಿ? ಗುರುವಾರ ಅಲ್ಲಾ! ದತ್ತನ ಉಪಾಸ. ಸಂಜಿ ಆರತಿ ಆದಮ್ಯಾಲೇ ಊಟ.”

ಖುರ್ಷಿದ ಎಷ್ಟು ಜೋರಾಗಿ ನಕ್ಕಳೆಂದರೆ ಕಂಡಕ್ಟರ್ ತಿರುಗಿ ನೋಡಿದ.

“ಉಪಾಸಕ್ಕ ನಗಬ್ಯಾಡ ಆಪಾ.”

“ತೋಬಾ, ಉಪಾಸಕ್ಕ ಯಾಕ ನಗ್ಲಿ? ನನಗ ನಾನೇ ನಗಾಕತ್ತೇನಿ. ರಂಜಾನದಾಗ ರೋಜಾ ಹಿಡದು ಸಂಜಿಮುಂದ ಬಜಾರಕ್ಕ ಹೋಗ್ತಿದ್ದೆ. ಸಮೋಸಾ, ಖಜೂರ, ಕಲ್ಲಂಗಡಿ, ಕಂಡದ್ದೆಲ್ಲಾ ಕಟ್ಟಿಸ್ಕೊಂಡು ಬರ್ತಿದ್ದೆ. ಬಾಯಿಗೆ ಎರಡ ಖಜೂರ ಹಾಕಿ ನೀರ ಕುಡದ್ರ ಹೊಟ್ಟಿ ತುಂಬತಿತ್ತು. ಉಳಿದದ್ದು ಮರುದಿನ ಮನ್ಯಾಗಿನ ಆಡಿನ ಪಾಲು! ಹಸದಾಗ ಅಂಗಡಿಗಿ ಹೋದ್ರ ಹೊಟ್ಟಿನೇ ಖರೀದಿ ಮಾಡ್ತದಬೇ, ನಾವಲ್ಲ.”

“ನಾ ಹಸಿವಿಗಿ ತಂದಿಲ್ಲ. ಆಫರ್ ಇತ್ತು, ತಂದೇನಿ” ಎಂದು ಮಹಾನಂದಾ ಮುಖ ಕಿಟಕಿಯ ಕಡೆ ತಿರುಗಿಸಿದಳು.

ಆದರೆ ಮನೆಗೆ ಬಂದವಳಿಗೆ ತಡೆಯಲಾಗಲಿಲ್ಲ. ಮೊಳೆಗೆ ಚುಚ್ಚಿಟ್ಟ ಹಳೆಯ ಬಿಲ್ಲುಗಳನ್ನೆಲ್ಲ ಕಿತ್ತು ನೆಲದ ಮೇಲೆ ಹರಡಿದಳು. ಎಲ್ಲವೂ ಗುರುವಾರದ್ದೇ, ಎಲ್ಲವೂ ಸಾವಿರದ ಒಂಬೈನೂರರ ಆಸುಪಾಸಿನವೇ. ಒಂದು ಮಾತ್ರ ಸಣ್ಣದು, ಸಾವಿರದ ನೂರಾ ಐವತ್ತು. ತಾರೀಖು ನೋಡಿದಳು. ಅತ್ತೆ ರುಕ್ಮಿಣಿಬಾಯಿಗೆ ಜ್ವರ ಬಂದ ವಾರ ಅದು. ಗುರುವಾರ ಹೋಗಲಾಗದೆ ಸೋಮವಾರ ಉಂಡು ಹೋಗಿದ್ದಳು.

ಮರುದಿನ ಬೆಳಿಗ್ಗೆ ಖುರ್ಷಿದಳ ಬಾಗಿಲಲ್ಲಿ ನಿಂತಳು.

“ಆಪಾ, ಉಪಾಸ ಅಂತೂ ನಾ ಬಿಡಂಗಿಲ್ಲ.”

“ಯಾರ ಬಿಡು ಅಂದ್ರು? ಸಂತಿ ದಿನ ಬದಲಿ ಮಾಡು. ಶುಕ್ರವಾರ ರೊಟ್ಟಿ ಉಂಡು ಹೋಗು. ಅದಕ್ಕಿಂತ ಮೊದಲ ನಿನ್ನ ಡಬ್ಬಿ ತಗದು ತೋರಸು, ನಡಿ.”

ಅಡುಗೆಮನೆಯ ಡಬ್ಬಿಗಳೆಲ್ಲ ಕೆಳಗಿಳಿದವು. ಹಿಟ್ಟಿನ ಡಬ್ಬಿಯ ಹಿಂದೆ ಒಡೆಯದ ಎಣ್ಣೆ ಪಾಕೀಟು ಎರಡು. ಸೋಪು ಹನ್ನೊಂದು. ಶ್ಯಾವಿಗೆ ಪಾಕೀಟು ಐದು, ಮೂರರಲ್ಲಿ ಹುಳ.

ಗೋಡೆಗೊರಗಿ ಕೂತಿದ್ದ ರುಕ್ಮಿಣಿಬಾಯಿ ಕುತ್ತಿಗೆ ಚಾಚಿ ನೋಡಿದಳು. “ಸಪ್ನಾನ ಫೀಸ ಎಲ್ಲಿ ಹೋಯ್ತಂತ ಕೇಳ್ತಿದ್ದೆಲ್ಲಾ? ನೋಡು, ಹುಳ ಕಲಿಯಾಕತ್ತಾವ ನರ್ಸಿಂಗು.”

ಸಪ್ನಾ ಕಿಸಕ್ಕನೆ ನಕ್ಕಳು. ಮಹಾನಂದಾಳಿಗೆ ಮಾತ್ರ ನಗು ಬರಲಿಲ್ಲ.

ಅಂದೇ ಯೋಜನೆ ಆಯಿತು. ಏಳು ದಿನ ಏನು ಅಡುಗೆ ಎಂದು ಮೊದಲು ಮಾತಾಡಿಕೊಳ್ಳುವುದು. ಮನೆಯಲ್ಲಿರುವುದನ್ನು ಬಿಟ್ಟು, ಇಲ್ಲದ್ದನ್ನು ಮಾತ್ರ ಚೀಟಿಯಲ್ಲಿ ಬರೆಯುವುದು. ಸಾವಿರದ ಇನ್ನೂರು ಮೀರುವಂತಿಲ್ಲ. ಕೋಚಿಂಗಿನ ಸತೀಶಕುಮಾರ ಸರ್ ಫೋನಿನಲ್ಲಿ ಒಪ್ಪಿದರು: “ಆಯ್ತ್ರಿ, ನಾಕ ಶುಕ್ರವಾರ ಏಳ್ನೂರ ಏಳ್ನೂರ ಕೊಡ್ರಿ. ಒಂದ ವಾರ ತಪ್ಪಿದ್ರ ಸೀಟ ಬ್ಯಾರೇದವರಿಗಿ ಹೋಗ್ತದ ನೋಡ್ರಿ, ಸಾಲಿನ್ಯಾಗ ಭಾಳ ಮಂದಿ ಅದಾರ.”

“ಬಸ್ ಇಳದಾಕಿನೇ ಮೊದಲ ಕ್ಲಾಸಿಗಿ ಹೋಗಿ ರೊಕ್ಕ ಕೊಡು, ಆಮ್ಯಾಲ ಮಾರ್ಟು” ಎಂದಳು ಖುರ್ಷಿದ. “ಫೋನ ಸಪ್ನಾನ ಕೈಯಾಗ ಕೊಟ್ಟು ಹೋಗು. ಫೋನ ಇದ್ರ ಸ್ಕ್ಯಾನ್ ಮಾಡಿ ರೊಕ್ಕ ಕೊಟ್ಟ ಬಿಡ್ತಿ.”

ಜಗದೇವ ಮಾತ್ರ ಚಪ್ಪಲಿ ಮೆಟ್ಟುತ್ತ ನಕ್ಕ. “ನಾಕ ದಿನದ ಆಟ ಇದು.”

ಮುಂದಿನ ವಾರ, ಮೊದಲ ಶುಕ್ರವಾರ, ಖುರ್ಷಿದ ಜೊತೆಗೇ ಬಂದಳು. ಮಹಾನಂದಾಳ ಕೈ ಗಾಡಿಯ ಮೇಲೆ ಬಿದ್ದ ಕೂಡಲೇ ಪಟ್ಟನೆ ಹೊಡೆದಳು. “ಗಾಡಿ ಬ್ಯಾಡ, ಬುಟ್ಟಿ ಹಿಡಿ. ಕೈ ನೋಯಾಕತ್ತಂದ್ರ ತಿಳಿ, ಭಾಳ ಆಯ್ತಂತ.” ದೊಡ್ಡ ಪಾಕೀಟು ಯಾವಾಗಲೂ ಅಗ್ಗವಲ್ಲ, ಕೆಜಿಗೆ ಎಷ್ಟು ಬೀಳುತ್ತದೆ ನೋಡು ಎಂದು ತೋರಿಸಿಕೊಟ್ಟಳು. ತರಕಾರಿ ಹೊರಗಿನ ಸಂತೆಯಲ್ಲಿ ಕೊಂಡರು. ಎರಡನೆಯ ಶುಕ್ರವಾರ ಮಹಾನಂದಾ ಒಬ್ಬಳೇ ಹೋಗಿ ಗೆದ್ದು ಬಂದಳು.

ಮೂರನೆಯ ಶುಕ್ರವಾರ ಕ್ಲಾಸಿಗೆ ಬೀಗ. ನಾಲ್ಕಕ್ಕೆ ತೆಗೆಯುತ್ತಾರೆ ಎಂದರು ಪಕ್ಕದವರು. ಬಿಸಿಲು ಸುಡುತ್ತಿತ್ತು. ಸಪ್ನಾಳ ಏಳುನೂರು ಪರ್ಸಿನಲ್ಲಿ ಇರುವಾಗಲೇ ಮಹಾನಂದಾ ಮಾರ್ಟಿನೊಳಗೆ ಕಾಲಿಟ್ಟಳು.

ಎದುರಿಗೇ ಹಳದಿ ಬೋರ್ಡು: ಮೂರು ಲೀಟರ್ ಎಣ್ಣೆಗೆ ಸ್ಟೀಲ್ ಡಬ್ಬಿ ಉಚಿತ. ಮುಂದೆ ಹೋದಳು. ಹಿಂದೆ ಬಂದಳು. ಡಬ್ಬಿಯ ಮುಚ್ಚಳ ತೆಗೆದಳು, ಹಾಕಿದಳು. ಎಣ್ಣೆ ಕೆಡುವುದಿಲ್ಲವಲ್ಲ ಎಂದುಕೊಂಡಳು. ಬುಟ್ಟಿಗೆ ಹಾಕಿಯೇಬಿಟ್ಟಳು.

ಕೌಂಟರಿನ ಹುಡುಗಿ ಹೇಳಿದಳು, “ಸಾವಿರದ ಆರ್ನೂರಾ ನಲವತ್ರಿ.”

ಮಹಾನಂದಾ ಪರ್ಸು ತೆರೆದಳು. ರೊಕ್ಕ ಇತ್ತು. ಕೊಟ್ಟರೆ ಯಾರೂ ಕೇಳುವುದಿಲ್ಲ. ಆದರೆ ನಾಲ್ಕು ಗಂಟೆಗೆ ಸರ್ ಮುಂದೆ ಏನು ಹೇಳುವುದು? ಮನೆಗೆ ಹೋಗಿ ಸಪ್ನಾಳ ಮುಂದೆ ಡಬ್ಬಿ ಹೇಗೆ ಇಡುವುದು?

“ತಂಗಿ, ಎಣ್ಣಿ ತಗೀರಿ. ಡಬ್ಬಿನೂ ತಗೀರಿ.”

“ಬಿಲ್ ಆಗ್ಯದಲ್ರಿ! ಸಾಹೇಬ್ರಿಗಿ ಕರೀಬೇಕಾಗ್ತದ.”

“ಕರೀರಿ. ನಿಂದರ್ತೇನಿ.”

ಹಿಂದಿನ ಸಾಲಿನಲ್ಲಿ ಒಬ್ಬಾಕೆ ಗೊಣಗಿದಳು, “ರೊಕ್ಕ ಇಲ್ದ ಯಾಕ ಬರ್ತಾರೋ ಏನೋ.” ಮಹಾನಂದಾಳ ಕಿವಿ ಬಿಸಿಯಾದವು. ತಿರುಗಿ ನೋಡಿ ಹೇಳಿದಳು: “ರೊಕ್ಕ ಅದಾವ್ರಿ ಬಾಯಿ. ಅವು ನನ್ನವಲ್ಲ, ನನ್ನ ಮಗಳವು.”

ಹೊಸ ಬಿಲ್ಲು ಬಂತು. ಸಾವಿರದ ನೂರಾ ತೊಂಬತ್ತು. ನಾಲ್ಕು ಹೊಡೆಯುವ ಮೊದಲೇ ಅವಳು ಕ್ಲಾಸಿನ ಮೆಟ್ಟಿಲ ಮೇಲೆ ಕೂತಿದ್ದಳು.

ನಾಲ್ಕನೆಯ ರಸೀದಿ ತಂದು ಕೊಟ್ಟಾಗ ಜಗದೇವ ಅದನ್ನು ಎರಡು ಸಲ ಓದಿದ. “ಅಲ್ಲಬೇ, ಪಗಾರ ಅಷ್ಟೇ ಅದ. ಊಟಾನೂ ಕಮ್ಮಿ ಆಗಿಲ್ಲ. ಇದೆಲ್ಲಿತ್ತು?”

“ಮನ್ಯಾಗೇ ಇತ್ರಿ.”

ಅವನು ತಲೆ ಕೆರೆದುಕೊಂಡ. “ಹಂಗಾದ್ರ ನಂದೂ ಹೇಳ್ಬೇಕು. ಡ್ಯೂಟಿ ಮುಗಿಸಿ ಹಸದು ಬರೂವಾಗ ದಿನಾ ಭಜಿ ಅಂಗಡಿಗಿ ನಿಂದರ್ತೇನಿ. ನಾಳಿಂದ ಎರಡ ರೊಟ್ಟಿ ಕಟ್ಟಿ ಕೊಡು.”

“ಈಗ ಬಾಯಿ ಬಿಟ್ಟ ನೋಡು!” ಎಂದಳು ರುಕ್ಮಿಣಿಬಾಯಿ. ಒಂದನೇ ತಾರೀಖು ಸಪ್ನಾ ಕ್ಲಾಸಿಗೆಂದು ಏಳೂವರೆಯ ಬಸ್ಸು ಹತ್ತಿದಳು. ಸೀಟು ಸಿಗಲಿಲ್ಲ, ನಿಂತೇ ಹೋದಳು. ಕಿಟಕಿಯಲ್ಲಿ ಅವಳ ಹಲ್ಲು ಮಾತ್ರ ಕಾಣುತ್ತಿತ್ತು.

ಅಕ್ಕಂದಿರೇ, ಅಣ್ಣಂದಿರೇ, ನೀವು ಯಾವ ದಿನ ಸಂತೆಗೆ ಹೋಗುತ್ತೀರಿ? ಉಂಡು ಹೋಗುತ್ತೀರೋ, ಹಸಿದು ಹೋಗುತ್ತೀರೋ? ಈ ವಾರ ಒಮ್ಮೆ ಡಬ್ಬಿಗಳನ್ನು ತೆಗೆದು ನೋಡಿ. ಮನೆಮಂದಿ ಸೇರಿ ಚೀಟಿ ಬರೆಯಿರಿ, ಮಿತಿ ಹಾಕಿಕೊಳ್ಳಿ, ಅಷ್ಟೇ ರೊಕ್ಕ ಒಯ್ಯಿರಿ. ಚೀಟಿಯ ಮೊದಲ ಸಾಲಿನಲ್ಲಿ ಸಕ್ಕರೆ ಬೇಡ, ಸೋಪು ಬೇಡ. ನಿಮ್ಮ ಮನೆಯಲ್ಲಿ ಯಾರ ಆಸೆ ‘ಮುಂದಿನ ವರ್ಷ ನೋಡೂಣು’ ಎಂದು ನಿಂತುಹೋಗಿದೆಯೋ, ಅವರ ಹೆಸರು ಬರೆಯಿರಿ. ಆಮೇಲೆ ಬುಟ್ಟಿ ಹಿಡಿಯಿರಿ.