ಗುರುವಾರದ ಫ್ಯೂಸು

"ಆರನೇದು," ಎಂದು ಚೆಕಿಂಗ್ ಸಾಹೇಬರು ಕಾರಿನ ಸುಟ್ಟ ಫ್ಯೂಸನ್ನು ಮೆಕ್ಯಾನಿಕ್ ಬಲ್ಬಣ್ಣನ ಅಂಗೈಯಲ್ಲಿಟ್ಟರು. ಕೊಟ್ಟರು ಅನ್ನುವುದಕ್ಕಿಂತ ಹಾಜರುಪಡಿಸಿದರು ಅನ್ನಬೇಕು.

ಬಲ್ಬಣ್ಣ ಅದನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ, ಹೋಗಿದೆ ಅಂದ. ಅಷ್ಟು ಸಾಹೇಬರಿಗೂ ಗೊತ್ತಿತ್ತು. ಅವರಿಗೆ ಬೇಕಾಗಿದ್ದದ್ದು ಯಾಕೆ ಹೋಯಿತು ಅನ್ನುವುದಲ್ಲ, ಯಾರಿಂದ ಹೋಯಿತು ಅನ್ನುವುದು.

ಮೂವತ್ತೊಂದು ವರ್ಷ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿದವರು ಅವರು. ಹತ್ತಿ ಒಮ್ಮೆ ಕಣ್ಣಾಡಿಸಿದರೆ ಸಾಕು, ಟಿಕೆಟ್ ಇಲ್ಲದವನು ಸಿಕ್ಕಿಬೀಳುತ್ತಿದ್ದ: ಕಿಟಕಿಯಾಚೆಯ ಬೋಳು ಗೋಡೆಯ ಮೇಲೆ ಯಾರಿಗೆ ಇದ್ದಕ್ಕಿದ್ದ ಹಾಗೆ ಅಪಾರ ಆಸಕ್ತಿ ಹುಟ್ಟುತ್ತದೋ ಅವನೇ. ನಿವೃತ್ತಿಯಾದ ಮೇಲೆ ಬಸ್ಸು ಹೋಯಿತು, ಕಣ್ಣು ಉಳಿಯಿತು. ಹಾಲಿನವನು, ನೀರಿನ ಮೀಟರು ಓದುವವನು, ಎದುರು ಮನೆಯ ಬೆಕ್ಕು, ಎಲ್ಲರೂ ಅವರ ಪಾಲಿಗೆ ಟಿಕೆಟ್ ತೋರಿಸಬೇಕಾದವರೇ.

ಬಲ್ಬಣ್ಣನೂ ಆ ಪಟ್ಟಿಯಲ್ಲಿದ್ದ. ಹಿಂದೆ ಎರಡು ಸಲ ಕಾರನ್ನು ಅವನ ಶೆಡ್ಡಿಗೆ ತಂದಿದ್ದರು. ಎರಡು ಸಲವೂ ಅವನು ಅಲ್ಲಿ ಇಲ್ಲಿ ಅಲ್ಲಾಡಿಸಿ, ಏನೂ ಸಿಗಲಿಲ್ಲ ಸರ್ ಅಂದಿದ್ದ. ಏನೂ ಸಿಗದವನಿಗೆ ಸಿಗದೆ ಇರಲು ಏನೋ ಕಾರಣ ಇರಲೇಬೇಕು. ಹಾಗಾಗಿ ಈ ಸಲ ಸಾಹೇಬರು ಖಾಲಿ ಬ್ಯಾಟರಿ ಪೆಟ್ಟಿಗೆಯೊಂದನ್ನು ಎಳೆದುಕೊಂಡು, ಅವನ ಎರಡೂ ಕೈ ಕಾಣುವ ಕಡೆ ಕೂತರು.

"ಮನೆಗೆ ಹೋಗಿ ಸರ್, ಆದ್ಮೇಲೆ ಫೋನ್ ಮಾಡ್ತೀನಿ."

"ನನಗೇನು ಅವಸರ ಇಲ್ಲ."

ಕಾರಿಗೆ ಇಪ್ಪತ್ತೆರಡು ವರ್ಷ. ಅದರಲ್ಲಿ ಬ್ರೇಕು ಒತ್ತಿದರೆ ಹಿಂದೆ ಉರಿಯುವ ಕೆಂಪು ದೀಪಗಳಿಗೂ ಹಾರನ್ನಿಗೂ ಸೇರಿ ಒಂದೇ ಫ್ಯೂಸು. ಅದು ಹೋದರೆ ಕಾರು ಓಡುತ್ತದೆ, ಆದರೆ ನಿಲ್ಲುವಾಗ ಹಿಂದಿನವನಿಗೆ ತಿಳಿಯುವುದಿಲ್ಲ. ಕಳೆದ ವಾರ ಲಾರಿಯೊಂದು ಬಂಪರಿಗೆ ಒಂದು ಗೇಣು ಬಿಟ್ಟು ನಿಂತಿತ್ತು. ಆ ಡ್ರೈವರ್ ಇಳಿದು ಬಂದು ಹೇಳಿದ ಮಾತನ್ನು ಸಾಹೇಬರ ಹೆಂಡತಿ ಮನೆಯಲ್ಲಿ ಪೂರ್ತಿ ಹೇಳಿರಲಿಲ್ಲ. ಎಲ್ಲಿ ನಡೆಯಿತು ಅನ್ನುವುದನ್ನೂ ಹೇಳಿರಲಿಲ್ಲ.

ಆರು ಫ್ಯೂಸಿನ ತಾರೀಖುಗಳೂ ಸಾಹೇಬರ ಜೇಬಿನ ಪುಸ್ತಕದಲ್ಲಿದ್ದವು. ಆರೂ ಸತ್ತು ಸಿಕ್ಕಿದ್ದು ಶುಕ್ರವಾರ ಬೆಳಿಗ್ಗೆ. ಗುರುವಾರ ಮಧ್ಯಾಹ್ನ ಕಾರು ತೆಗೆದುಕೊಂಡು ಹೆಂಡತಿ ತನ್ನ ಅಕ್ಕನ ಮನೆಗೆ ಹೋಗುತ್ತಾಳೆ. ಹೋಗಿಬರ್ತೀನ್ರೀ ಅನ್ನುವಾಗ ಈಚೀಚೆಗೆ ಅವಳು ಕಿಟಕಿಯ ಕಡೆ ನೋಡುತ್ತಾಳೆ.

ಕೇಳಿಬಿಡಬಹುದಿತ್ತು. ಆದರೆ ಕೇಳುವ ಹಕ್ಕನ್ನು ಅವರು ಒಂದೂವರೆ ವರ್ಷದ ಹಿಂದೆಯೇ ಕಳೆದುಕೊಂಡಿದ್ದರು. ಮಗಳು ಕೆಲಸ ಮುಗಿಸಿ ತಡವಾಗಿ ಬರುತ್ತಾಳೆಂದು, ಒಂದು ಸಂಜೆ ಅವಳ ಆಫೀಸಿನೆದುರಿನ ಬಸ್ ಸ್ಟಾಪಿನಲ್ಲಿ ಪೇಪರು ಬಿಡಿಸಿಕೊಂಡು ನಿಂತಿದ್ದರು. ಮಗಳು ಗೆಳತಿಯರ ಜೊತೆ ಬಂದವಳು, ಪೇಪರಿನ ಅಂಚನ್ನು ಒಂದು ಬೆರಳಿನಲ್ಲಿ ಕೆಳಗಿಳಿಸಿ, "ತಲೆಕೆಳಗಾಗಿ ಹಿಡ್ಕೊಂಡಿದೀರ ಅಪ್ಪ," ಅಂದಳು. ಗೆಳತಿಯರು ನಕ್ಕರು, ಅವಳು ನಗಲಿಲ್ಲ. ಆ ವಾರವೇ ಮನೆ ಬಿಟ್ಟಳು. ಎಲ್ಲಿದ್ದಾಳೆಂದು ಅವರಿಗೆ ಯಾರೂ ಹೇಳಲಿಲ್ಲ. ಅವರು ಹುಡುಕಿಕೊಂಡು ಹೋಗುತ್ತಾರೆಂಬ ಭಯಕ್ಕೆ ಹೇಳಲಿಲ್ಲ ಅನ್ನುವುದೂ ಅವರಿಗೆ ಗೊತ್ತಿತ್ತು. ಮಗಳು ಹೋದ ರಾತ್ರಿ ಹೆಂಡತಿ ತಟ್ಟೆ ತೊಳೆಯುತ್ತ, ತಿರುಗದೆ ಹೇಳಿದ್ದಳು: "ನನ್ನ ಹಿಂದೆ ಒಂದು ದಿನ ಹೀಗೆ ಬನ್ನಿ. ಮಾರನೇ ದಿನ ನಾನೂ ಇರಲ್ಲ." ದನಿ ಏರಿಸಿರಲಿಲ್ಲ. ಏರಿಸಿದ್ದರೆ ಅವರು ನಂಬುತ್ತಿರಲಿಲ್ಲ.

ಹಾಗಾಗಿ ಅವರು ಯಾರ ಹಿಂದೆಯೂ ಹೋಗಲಿಲ್ಲ. ಫ್ಯೂಸಿನ ಹಿಂದೆ ಹೋದರು. ಅದಕ್ಕೆ ಯಾರೂ ಆಣೆ ಹಾಕಿರಲಿಲ್ಲ.

ಬಲ್ಬಣ್ಣ ಹೆಸರಿಗೆ ತಕ್ಕ ಹಾಗೆ ಒಂದು ಬಲ್ಬು ತಂದ. ಅದರ ಎರಡು ವೈರುಗಳನ್ನು ಫ್ಯೂಸು ಕೂರುವ ಜಾಗಕ್ಕೆ ಸಿಕ್ಕಿಸಿ, ಬಲ್ಬನ್ನು ಸ್ಟೇರಿಂಗಿಗೆ ನೇತುಹಾಕಿದ. ಹಿಂದಿನ ದೀಪಗಳ ಬಲ್ಬು ಕಳಚಿ, ಬ್ರೇಕು ಒತ್ತಿಯೇ ಇರಲೆಂದು ಪೆಡಲಿಗೆ ಒಂದು ಕೋಲು ಆನಿಸಿಟ್ಟ. ಅವನ ವಿದ್ಯೆಯೆಲ್ಲ ಅಷ್ಟೇ. ಎಲ್ಲಾದರೂ ವೈರಿನ ಮೈ ಸುಲಿದು ತಾಮ್ರ ಕಾರಿನ ತಗಡಿಗೆ ತಾಗಿದರೆ ಬಲ್ಬು ಝಗ್ಗೆಂದು ಉರಿಯುತ್ತದೆ, ಇಲ್ಲದಿದ್ದರೆ ಸುಮ್ಮನಿರುತ್ತದೆ. ಫ್ಯೂಸಿನ ಹಾಗೆ ಒಂದೇ ಸಲಕ್ಕೆ ಸತ್ತುಹೋಗುವುದಿಲ್ಲ, ಕೇಳಿದಷ್ಟು ಸಲ ಹೇಳುತ್ತದೆ.

ಒಂದು ಗಂಟೆ ಅದು ಏನೂ ಹೇಳಲಿಲ್ಲ. ಬಲ್ಬಣ್ಣ ಹಾರನ್ನಿನ ವೈರು ಜಗ್ಗಿದ, ಡಿಕ್ಕಿಯ ಮುಚ್ಚಳವನ್ನು ಹತ್ತು ಸಲ ತೆರೆದು ಹಾಕಿದ, ಹಿಂದಿನ ದೀಪಗಳ ವೈರು ಅಲ್ಲಾಡಿಸಿದ. ಇಡೀ ಕಾರನ್ನು ತೊಟ್ಟಿಲಿನ ಹಾಗೆ ತೂಗಿದ. ಸಾಹೇಬರ ಅನುಮಾನ ಗಟ್ಟಿಯಾಗುತ್ತ ಹೋಯಿತು. ಬಲ್ಬೇ ಕೆಟ್ಟಿರಬಹುದಲ್ಲ ಎಂದು ಕೇಳಿದರು. ಅವನು ಬಲ್ಬನ್ನು ಬ್ಯಾಟರಿಗೆ ಮುಟ್ಟಿಸಿ ಉರಿಸಿ ತೋರಿಸಿದ. ಇನ್ನೊಮ್ಮೆ ತೋರಿಸು ಅಂದರು. ತೋರಿಸಿದ.

"ಸರ್, ನಿಮ್ಮ ಮನೆಯವರು ನಿಮ್ಮ ಜೊತೆ ಹೇಗೆ ಏಗ್ತಾರೋ ಏನೋ," ಅಂದ.

ಆಮೇಲೆ ಕಾರಿನ ನೆಲದ ಚಾಪೆ ಎತ್ತಿದ. ಹಿಂದಿನ ದೀಪಕ್ಕೆ ಹೋಗುವ ವೈರಿನ ಕಟ್ಟು, ಡ್ರೈವರ್ ಪಕ್ಕದ ಸೀಟಿನ ಅಡಿಯಿಂದ ಹಾದುಹೋಗಿತ್ತು. ಅವನು ಲಿವರ್ ಎತ್ತಿ ಸೀಟನ್ನು ಮುಂದೆ ತಳ್ಳಿದ, ಹಿಂದೆ ತಳ್ಳಿದ. ಬಲ್ಬು ಮಿಸುಕಲಿಲ್ಲ. ಅಡಿಯ ಕಂಬಿಯ ಮೇಲೆ ಹಲ್ಲಿನಿಂದ ಹಲ್ಲಿಗೆ ಜಾರಿದ ಸೀಟು ಹಿಂದೆ ಒಂದು ಕಡೆ ಬಂದು ಗಕ್ಕೆಂದು ನಿಂತಿತು. "ಇಷ್ಟೇ ಹೋಗೋದು. ಇಲ್ಲೂ ಏನಿಲ್ಲ."

ತಪ್ಪು ಮಾತು ಕಿವಿಗೆ ಬಿದ್ದರೆ ಸಾಹೇಬರಿಗೆ ತಡೆಯಲಾಗುತ್ತಿರಲಿಲ್ಲ. "ಇನ್ನೊಂದು ಹಲ್ಲಿದೆ," ಅಂದರು.

"ಇಲ್ಲ ಸರ್. ಕಂಬಿ ಇಲ್ಲಿಗೇ ಮುಗೀತು."

"ಏಳಪ್ಪ ಈಚೆ. ನಾನು ತೋರಿಸ್ತೀನಿ."

ಅವರು ಸೀಟಿನಲ್ಲಿ ಕೂತರು. ಬರೀ ಲಿವರ್ ಎತ್ತಿದರೆ ಅದು ಹೋಗುವುದಿಲ್ಲ. ಎತ್ತಿ, ಭುಜವನ್ನು ಬಾಗಿಲ ಕಡೆಗೆ ಒತ್ತಿ, ಹಿಮ್ಮಡಿ ಊರಿ ಒಂದೇ ಏಟಿಗೆ ಹಿಂದಕ್ಕೆ ಜಾಡಿಸಬೇಕು. ಜಾಡಿಸಿದರು. ಸೀಟು ಕಟಕ್ಕೆಂದು ಕೊನೆಯ ಹಲ್ಲಿಗೆ ಹೋಗಿ ಕೂತಿತು.

ಬಲ್ಬು ಉರಿಯಿತು. ಸಾಹೇಬರ ಬಿಳಿ ಅಂಗಿಯ ಮೇಲೆಲ್ಲ ಹಳದಿ ಬೆಳಕು.

"ಸಿಕ್ತು," ಅಂದ ಬಲ್ಬಣ್ಣ. ಬಗ್ಗಿ ಟಾರ್ಚು ಬಿಟ್ಟು ನೋಡಿದ. ಸೀಟಿನ ಅಡಿಯ ಪಟ್ಟಿಯ ಚೂಪು ಮೂಲೆ, ಮೇಲೆ ಭಾರ ಬಿದ್ದಾಗ, ಸರಿಯಾಗಿ ವೈರಿನ ಮೇಲೆ ಕೂರುತ್ತಿತ್ತು. ಎದ್ದರೆ, ಇಲ್ಲವೇ ಒಂದೇ ಒಂದು ಹಲ್ಲು ಮುಂದೆ ಎಳೆದರೆ, ಏನೂ ಗೊತ್ತಾಗುವಂತಿರಲಿಲ್ಲ. "ಇಷ್ಟು ಹಿಂದೆ ಯಾರು ಸರ್ ಕೂರ್ತಾರೆ? ಅಲ್ಲಿಂದ ನಿಮ್ಮ ಕಾಲೇ ಮುಂದಕ್ಕೆ ಎಟುಕಲ್ಲ."

ಸಾಹೇಬರು ಇಳಿಯಲಿಲ್ಲ. ಅವರು ಐದಡಿ ಮೂರಂಗುಲ, ಹೆಂಡತಿ ಐದೂ ಇಲ್ಲ. ಅಂಥ ಇಬ್ಬರಿಗೆ ಹುಟ್ಟಿದವಳು ಹೈಸ್ಕೂಲು ಮುಗಿಸುವಷ್ಟರಲ್ಲಿ ಅಪ್ಪನ ಬಕ್ಕತಲೆಯನ್ನು ಮೇಲಿನಿಂದ ನೋಡುವಷ್ಟು ಬೆಳೆದಿದ್ದಳು. ಮನೆಯಲ್ಲಿ ಅವಳ ಹೆಸರೇ ಏಣಿ. ಕಾಲು ಮಡಚಿ ಮಡಚಿ ಸಾಕಾಗಿ, ಒಂದು ಪ್ರಯಾಣದಲ್ಲಿ ಹತ್ತು ನಿಮಿಷ ಒದ್ದಾಡಿ ಈ ಹಲ್ಲನ್ನು ಕಂಡುಹಿಡಿದವಳು ಅವಳೇ. ಕಂಡುಹಿಡಿದು, ಹಿಂದೆ ಜಾರಿ ಹೋಗಿ, ಅಲ್ಲಿಂದ, ಅಪ್ಪ ನೀವು ಎಷ್ಟು ದೂರ ಕಾಣ್ತೀರ ಅಂದಿದ್ದಳು. ಉಪಾಯವನ್ನು ಅಪ್ಪನೊಬ್ಬರಿಗೇ ಹೇಳಿಕೊಟ್ಟಿದ್ದಳು. ಅಮ್ಮನಿಗೆ ಅದರ ಅಗತ್ಯವೇ ಬೀಳಲಿಲ್ಲ.

ಆರು ಗುರುವಾರ. ಆರು ಸಲವೂ ಯಾರೋ ಮರೆಯದೆ ಸೀಟನ್ನು ಮುಂದಕ್ಕೆ ಎಳೆದು ಕಾರನ್ನು ಮನೆಗೆ ತಂದಿದ್ದಾರೆ. ಹಾರನ್ನಿಲ್ಲದ, ಬೆನ್ನಿಗೆ ದೀಪವಿಲ್ಲದ ಕಾರಿನಲ್ಲಿ ತಾಯಿ ಮಗಳಿಬ್ಬರೂ ಎಲ್ಲೆಲ್ಲಿ ಓಡಾಡಿದರೋ.

ಬಲ್ಬಣ್ಣ ಎರಡು ದಾರಿ ಹೇಳಿದ. ಕಂಬಿಗೆ ಒಂದು ಬೋಲ್ಟು ಹಾಕಿದರೆ ಸೀಟು ಆ ಹಲ್ಲಿಗೆ ಹೋಗುವುದೇ ಇಲ್ಲ, ಐದು ನಿಮಿಷದ ಕೆಲಸ. ವೈರನ್ನೇ ಬಿಚ್ಚಿ ಬಾಗಿಲ ಅಂಚಿನ ಮೇಲೆ ಹಾಯಿಸಬೇಕೆಂದರೆ ಅರ್ಧ ದಿನ ಬೇಕು. ಬೋಲ್ಟೇ ಸಾಕು ಸರ್, ಹೇಗೂ ಯಾರೂ ಕೂರಲ್ಲವಲ್ಲ ಅಂದ.

"ಮನೇಲಿ ಒಬ್ಬರು ಉದ್ದ ಇದಾರೆ," ಅಂದರು ಸಾಹೇಬರು. "ವೈರು ತೆಗೆದು ಬೇರೆ ಕಡೆ ಹಾಕು."

ಆಮೇಲೆ, ಅವನನ್ನು ಕಾಯದೆ, ಮನೆಗೆ ನಡೆದುಕೊಂಡು ಹೋದರು. ಬಲ್ಬಣ್ಣ ಅವರು ತಿರುಗಿ ಬರುತ್ತಾರೇನೋ ಎಂದು ಎರಡು ಸಲ ಬಾಗಿಲ ಕಡೆ ನೋಡಿದ.

ಸಂಜೆ ಸಾಹೇಬರು ಕಾರು ತಂದಾಗ ಹೆಂಡತಿ ಏನಾಗಿತ್ತಂತೆ ಎಂದು ಕೇಳಿದಳು. ಯಾವುದೋ ವೈರು ಉಜ್ಜುತ್ತಿತ್ತಂತೆ ಅಂದರು. ಯಾವ ವೈರು ಅಂದಳು. ಹಿಂದಿನ ದೀಪದ್ದು. ಎಲ್ಲಿ ಉಜ್ಜುತ್ತಿತ್ತು? ಒಳಗೆ ಎಲ್ಲೋ, ಅಂದರು. ಇಷ್ಟು ಕಡಿಮೆ ಮಾತಾಡಿದ ಗಂಡನನ್ನು ಅವಳು ಊಟ ಮುಗಿಯುವವರೆಗೂ ಓರೆಗಣ್ಣಲ್ಲಿ ನೋಡಿದಳು.

ಭಾನುವಾರ ಬೆಳಿಗ್ಗೆ ತರಕಾರಿಗೆಂದು ಇಬ್ಬರೂ ಹೊರಟರು. ಅವಳು ಬಾಗಿಲು ತೆಗೆದು, ಹಾಗೇ ನಿಂತಳು. ಸೀಟು ಕೊನೆಯ ಹಲ್ಲಿನಲ್ಲಿತ್ತು.

ಸ್ವಲ್ಪ ಹೊತ್ತಿನ ಮೇಲೆ ಹತ್ತಿದಳು. ಹಿಂದಕ್ಕೆ ಒರಗಿದರೆ ಪಾದ ನೆಲಕ್ಕೆ ತಾಗಲಿಲ್ಲ. ಕೈ ಲಿವರಿನ ಹತ್ತಿರ ಹೋಗಿ, ಹಿಡಿಯದೆ ವಾಪಸು ಬಂತು.

"ನೀವು ಬಂದಿದ್ರಾ?" ಅಂದಳು. "ಗುರುವಾರ. ನನ್ನ ಹಿಂದೆ."

"ಇಲ್ಲ."

"ನಿಜ ಹೇಳಿ."

"ನಾನು ಎಲ್ಲೂ ಬಂದಿಲ್ಲ ಮಾರಾಯ್ತಿ. ವೈರು ಸರಿ ಮಾಡಿಸಿದೆ. ಇನ್ನು ಎಷ್ಟು ಬೇಕಾದ್ರೂ ಹಿಂದೆ ಕೂರಬಹುದು."

ಅವಳು ಆ ಮುಖದಲ್ಲಿ ಏನೋ ಹುಡುಕಿದಳು. ಮೆತ್ತಗೆ ಮಾತಾಡಿ ಆಮೇಲೆ ಗಪ್ಪನೆ ಹಿಡಿಯುವುದು ಅವರ ಹಳೇ ಪಟ್ಟು ಎನ್ನುವುದನ್ನು ಅವಳಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಅವರು ಮುಂದೇನೂ ಕೇಳದೆ ಕಾರು ಹೊರಡಿಸಿದರು. ಬೀದಿಯುದ್ದಕ್ಕೂ ಅವಳು ಖಾಲಿ ಚೀಲವನ್ನು ತೊಡೆಯ ಮೇಲೆ ಮಡಚುತ್ತ, ಬಿಡಿಸುತ್ತ ಕೂತಳು.

ಮೂರು ರಸ್ತೆ ಸೇರುವಲ್ಲಿ ಮಾರುಕಟ್ಟೆಗೆ ಬಲಕ್ಕೆ ತಿರುಗಬೇಕು. ಎಡಕ್ಕಿರುವುದು ಅವಳು ಗುರುವಾರ ಹಿಡಿಯುವ ದಾರಿ. ಸಾಹೇಬರು ಇಂಡಿಕೇಟರು ಹಾಕಿದರು.

"ಸ್ವಲ್ಪ ತಡೀರಿ," ಅಂದಳು.

ಅವರು ನಿಲ್ಲಿಸಿದರು. ಅವಳು ಬಲಕ್ಕೆ ನೋಡಲಿಲ್ಲ, ಎಡಕ್ಕೂ ನೋಡಲಿಲ್ಲ, ಅವರನ್ನೇ ನೋಡುತ್ತಿದ್ದಳು. ಹಿಂದಿನಿಂದ ಯಾರೋ ಹಾರನ್ನು ಹೊಡೆದರು, ಮತ್ತೊಮ್ಮೆ ಹೊಡೆದರು, ಬಯ್ದುಕೊಂಡು ಪಕ್ಕದಲ್ಲಿ ಹಾದುಹೋದರು. ಇಂಡಿಕೇಟರು ಟಿಕ್ ಟಿಕ್ ಅನ್ನುತ್ತಲೇ ಇತ್ತು. ಅವಳ ಚಪ್ಪಲಿಯೊಂದು ಕಾಲಿನಿಂದ ಜಾರಿ ಕೆಳಗೆ ಬಿತ್ತು.