ಮಹಡಿ ಮನೆಯ ಹೆಸರುಗಳು

ಎಕೋ ಅಮಿಸಾ ಮೂರನೇ ದಿನವೂ ಟಾರ್ಚು ಹಿಡಿದು ಅಂಗಳಕ್ಕೆ ಕಾಲಿಟ್ಟಾಗ ಅರಬಾ ಬೆಸಿವಾಳಿಗೆ ಮೈಯೆಲ್ಲ ಉರಿದುಹೋಯಿತು.

"ಮತ್ತೆ ವಕ್ಕರಿಸಿದ್ಯಾ? ನಿಮ್ಮಪ್ಪ ಕಟ್ಸಿದ ಮನೆಯೇನೋ ಇದು?"

"ಯಜಮಾನ್ರೇ ಕರೆದಿದ್ದು ಅಜ್ಜಿ. ಮನೆ ಚರಿತ್ರೆ ಬರೀಬೇಕಂತೆ."

"ಬರಿ, ಬರಿ. ಮೆಟ್ಟಿಲಿಗೆ ಗೆದ್ದಲು ಹಿಡಿದಿದೆ. ಬಿದ್ದು ಸೊಂಟ ಮುರ್ಕೊಂಡ್ರೆ ನಿನ್ ಚರಿತ್ರೆನೂ ಅಲ್ಲೇ ಮುಗೀತದೆ."

ಎಕೋ ಹಲ್ಲುಕಿರಿದು ಮೇಲೆ ಹತ್ತಿದ. ಈ ಕಡಲತೀರದಲ್ಲಿ ಅನೊಮಾಬು ಊರಿನಿಂದ ಕೇಪ್ ಕೋಸ್ಟಿನವರೆಗೆ ಇವನು ಹೊಕ್ಕು ಜಾಲಾಡದ ಪಾಳುಮನೆ ಇಲ್ಲ. ಯಾರ ಮನೆಯ ದೂಳಾದರೂ ಸರಿ, ಇವನಿಗೆ ಚಿನ್ನ.

ಅರಬಾ ಕೆಳಗೇ ಕುಳಿತು ಕೈ ಹಿಸುಕಿಕೊಂಡಳು. ಮನೆ ಕಟ್ಟಿಸಿದವನು ತಾಳೆ ಎಣ್ಣೆಯ ಸಾಹುಕಾರ. ಅವನ ಅಕ್ಕತಂಗಿಯರ ಹೊಟ್ಟೆಯಲ್ಲಿ ಹುಟ್ಟಿ ಹೆಣ್ಣಿನಿಂದ ಹೆಣ್ಣಿಗೆ ಇಳಿದ ರಕ್ತವೇ ಮನೆತನ. ಅರಬಾಳ ಮುತ್ತಜ್ಜಿ ಮಾತ್ರ ಯಾರ ತಂಗಿಯೂ ಅಲ್ಲ. ಉತ್ತರದ ಸಂತೆಯಿಂದ ಕೊಂಡು ತಂದ ಕೂಸು. ಮನೆತನ ಅವಳನ್ನು ಮಗಳೆಂದಿತು, ಮುಗಿಯಿತು. ಒಬ್ಬರ ಮೂಲವನ್ನು ಇನ್ನೊಬ್ಬರು ಎತ್ತಬಾರದು, ಎತ್ತಿದರೆ ದಂಡ ಎಂಬುದು ಹಿರಿಯರ ಕಟ್ಟಪ್ಪಣೆ. ಆದರೆ ಆ ಹಾಳಾದ ಸಾಹುಕಾರ, ಮನೆಗೆ ಯಾರು ಎಲ್ಲಿಂದ ಬಂದರೆಂದು ಒಂದು ಪುಸ್ತಕದಲ್ಲಿ ಬರೆದು ಮಹಡಿಯಲ್ಲೆಲ್ಲೋ ಇಟ್ಟುಬಿಟ್ಟಿದ್ದ. ಆ ಪುಸ್ತಕ ಸಿಕ್ಕರೆ ಎಪ್ಪತ್ತು ವರ್ಷ ಗುಡಿಸಿದ ಈ ಅಂಗಳದಲ್ಲಿ ಅವಳು ಯಾರೂ ಅಲ್ಲ. ನಾಳೆ ಅವಳ ಹೆಣಕ್ಕೂ ಮನೆತನದ ಸ್ಮಶಾನದಲ್ಲಿ ಜಾಗವಿಲ್ಲ.

ಪುಸ್ತಕ ಸಿಕ್ಕೇಬಿಟ್ಟಿತು.

ಶನಿವಾರ ಯಜಮಾನ ಕೊಬಿನಾ ಎಜಿರ್ ಮನೆತನದವರನ್ನೆಲ್ಲ ಅಂಗಳದಲ್ಲಿ ಸೇರಿಸಿದ. ಎಕೋ ಹುಳು ಹಿಡಿದ ಹಾಳೆಗಳನ್ನು ತಿರುವುತ್ತ ಗಂಟಲು ಸರಿಮಾಡಿಕೊಂಡ.

"ಓದ್ಬೇಡ ಕಣೋ," ಎಂದಳು ಅರಬಾ.

"ಇರಲಿ ಅಕ್ಕ, ಓದಲಿ," ಎಂದ ಕೊಬಿನಾ.

"'ಆರು ವರ್ಷದ ಹೆಣ್ಣುಮಗು. ಸಂತೆಯಲ್ಲಿ ಕೊಂಡದ್ದು. ಬೆಸಿವಾ ಎಂದು ಹೆಸರಿಟ್ಟೆ.' ಅಯ್ಯೋ ಅರಬಾ ಅಜ್ಜಿ, ಬೆಸಿವಾ ಅಂತ ನಿಮಗೆ ಮುತ್ತಜ್ಜಿ ಹೆಸರನ್ನೇ ಇಟ್ಟಿದ್ದಲ್ವಾ! ಅಂದ್ರೆ ಇವಳೇ ಆ ಮುತ್ತಜ್ಜಿ!"

ಒಬ್ಬ ಮುದುಕ ಎದ್ದು ಕೋಲು ಕುಟ್ಟಿದ. "ಮೂಲ ಎತ್ತಿದ್ಯಲ್ಲೋ ಅಯೋಗ್ಯ!"

"ನಾನೆಲ್ಲಿ ಎತ್ತಿದೆ ತಾತ? ಬರೆದಿದ್ದನ್ನ ಓದ್ದೆ, ಅಷ್ಟೆ."

"ಓದಿದ್ದು ಬಾಯಿಂದ ತಾನೆ? ಮೂಗಿಂದ ಓದಿದ್ಯಾ?"

ಪುಸ್ತಕ ಓದಿದರೆ ಮೂಲ ಎತ್ತಿದಂತಲ್ಲ ಎಂದುಕೊಂಡಿದ್ದ ಎಕೋ ದಂಡ ತೆತ್ತ. ಒಂದು ಕುರಿ, ಒಂದು ಬಾಟಲಿ ಜಿನ್. ಕುರಿಯನ್ನು ಕಂಬಕ್ಕೆ ಕಟ್ಟಿ, ಅರಬಾಳ ಮುಂದೆ ಮೊಣಕಾಲೂರಿ ಕ್ಷಮೆ ಕೇಳಿದ. ಕೊಬಿನಾ ಪುಸ್ತಕವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಎದ್ದು ನಿಂತ. "ಇಲ್ಲಿ ಯಾರೂ ಏನೂ ಕೇಳಿಸ್ಕೊಂಡಿಲ್ಲ. ಮುಗೀತು." ನೆಲಕ್ಕೆ ಜಿನ್ ಸುರಿದು ಗತಿಸಿದ ಹಿರಿಯರನ್ನು ನೆನೆದ. ಲೋಟಕ್ಕೆ ಬಗ್ಗಿಸಿ ತಾನು ಕುಡಿದ. ಮತ್ತೆ ಬಗ್ಗಿಸಿದ.

ಯಜಮಾನನ ನಂತರ ಕುಡಿಯುವುದು ಮನೆಯ ಹಿರಿಯ ಹೆಂಗಸು. ಇಪ್ಪತ್ತು ವರ್ಷದಿಂದ ಅದು ಅರಬಾ. ಅವಳು ಕೈ ಚಾಚಿದಳು. ಲೋಟ ಅವಳನ್ನು ದಾಟಿ ಕೊಬಿನಾನ ತಂಗಿಯ ಕೈಗೆ ಹೋಯಿತು.

ಯಾರೂ ಅವಳ ಮುಖ ನೋಡಲಿಲ್ಲ. ಇವರಿಗೆಲ್ಲ ಕುಂಡೆ ತೊಳೆದವಳು, ಇವರ ತಾಯಂದಿರ ಹೆಣಕ್ಕೆ ಸ್ನಾನ ಮಾಡಿಸಿದವಳು ತಾನು! ಅಳು ಬರಲಿಲ್ಲ, ಸಿಟ್ಟು ಬಂತು. ಎದ್ದು ನಿಂತಳು.

"ಎಕೋ, ಇನ್ನೊಂದು ಕುರಿ ಹಿಡ್ಕೊಂಡು ಬಾ."

"ದಂಡ ಕಟ್ಟಾಯ್ತಲ್ಲ ಅಜ್ಜಿ?"

"ನಿಂದು ಆಯ್ತು. ಇದು ನನ್ ದಂಡ. ನಂಗೂ ಒಂದು ಹೆಸರು ಹೇಳೋದಿದೆ." ಅವಳು ಕೊಬಿನಾನನ್ನೇ ದುರುಗುಟ್ಟಿ ನೋಡಿದಳು. "ಅದೇ ಸಂತೆಯಿಂದ ಬಂದ ಇನ್ನೊಂದು ಕೂಸಿಂದು. ನಮ್ಮಜ್ಜಿ ಸಾಯೋವಾಗ ಹೇಳಿದ್ಳು, ಅದರ ಮರಿಮಗ ಈಗ ಯಾವ ಕುರ್ಚಿ ಮೇಲೆ ಕೂತಿದಾನೆ ಗೊತ್ತಾ?"

ಕೊಬಿನಾನ ಮುಖ ಬಿಳಚಿಕೊಂಡಿತು. ತಂಗಿಯ ತುಟಿಗೆ ಹೋಗಿದ್ದ ಲೋಟವನ್ನು ಕಿತ್ತುಕೊಂಡು, ಚೆಲ್ಲುವಷ್ಟು ತುಂಬಿಸಿ, ಅಂಗಳ ದಾಟಿ ಬಂದು ಬಗ್ಗಿ ಹಿಡಿದ.

"ತಗೋ ಅಕ್ಕ."

ಅರಬಾ ಲೋಟ ಮುಟ್ಟಲಿಲ್ಲ. "ಅವರಿಗೆ ಹೇಳು."

"ಹಿರಿಯಕ್ಕ ಕುಡಿಯೋ ತನಕ ಯಾರೂ ಮುಟ್ಬೇಡಿ!" ಎಂದು ಅವನು ಅಂಗಳಕ್ಕೆಲ್ಲ ಕೇಳುವಂತೆ ಕೂಗಿದ.

ಅವಳು ನಿಧಾನವಾಗಿ ಕುಡಿದು, ಖಾಲಿ ಲೋಟವನ್ನು ಅವನ ಕೈಗೇ ತುರುಕಿದಳು.